ಫೋರ್ಡ್ ಮೈಗೆ ಶೆವಿ ಎಂಜಿನ್: 350/290 ಕ್ರೇಟ್ ಎಂಜಿನ್ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮನೆಯ ಗ್ಯಾರೇಜಿನಲ್ಲಿ ಮೊದಲ ಸಲ ಹಾಟ್ ರಾಡ್ ಕಟ್ಟುವವರಿಗೆ ಶೆವ್ರೊಲೆ ಪರ್ಫಾರ್ಮೆನ್ಸ್‌ನ (ಬಾಯಿಮಾತಲ್ಲಿ ಶೆವಿ) 350/290 ಅನ್ನೋ, ಪೆಟ್ಟಿಗೆಯಲ್ಲಿ ಹೊಸದಾಗಿ ಬರುವ ಕ್ರೇಟ್ ಎಂಜಿನ್ ಒಳ್ಳೆಯದು. ತುಂಬ ಜೋರಿನದ್ದಲ್ಲ. ಹೊಸ ಕಾಲದ್ದಂತೂ ಅಲ್ಲವೇ ಅಲ್ಲ. ಆದರೆ ಡಬ್ಬದಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ, ನಿಮ್ಮ ಗಾಡಿಯ ಚಾಸಿಯಲ್ಲಿ (ಅಡಿಯ ಚೌಕಟ್ಟಿನಲ್ಲಿ) ಅದು ಎಲ್ಲೆಲ್ಲಿ ತಾಗುತ್ತದೆ ಅಂತ ನೋಡದೆ ಆರ್ಡರ್ ಮಾಡಿದರೆ, ದುಡ್ಡು ಕೊಟ್ಟು ತಂದ ಎಂಜಿನ್ ಗ್ಯಾರೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿರುತ್ತದೆ. ಅದಕ್ಕೇ ಈ ವಿಮರ್ಶೆ ಸ್ವಲ್ಪ ಉದ್ದ.

ನಾನು ತಿಪಟೂರಿನವನು. ಡೆಟ್ರಾಯಿಟ್ ಪಕ್ಕದ ಊರಿನಲ್ಲಿ ಸಂಸಾರ. ಹಗಲು ಬ್ರೇಕ್ ಭಾಗಗಳ ಡ್ರಾಯಿಂಗ್ ನೋಡುವ ಕೆಲಸ, ರಾತ್ರಿ ಈ ಹುಚ್ಚು. ಹಾಟ್ ರಾಡ್ ಅಂದರೆ ಏನು ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ: ಹಳೆಯ ಅಮೆರಿಕನ್ ಕಾರಿನ ಭಾರ ಇಳಿಸಿ, ದೊಡ್ಡ ಎಂಜಿನ್ ಕೂರಿಸಿ ಓಡಿಸುವುದು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮ್ಯುರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಹುಡುಗರು ರೇಸ್ ಬಿಡುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದ ಮೇಲೆ ದೇಶ ತುಂಬ ಹರಡಿತು.

ನನ್ನ ಗಾಡಿ 1932ರ ಫೋರ್ಡ್ ರೋಡ್‌ಸ್ಟರ್ ಮಾದರಿಯದ್ದು. ಮಾದರಿ ಅಂದೆ, ಯಾಕೆಂದರೆ ಆ ವರ್ಷದ ಅಸಲಿ ಬಾಡಿ ನಮ್ಮಂಥವರ ಕೈಗೆ ಎಟುಕುವ ಬೆಲೆಗೆ ಸಿಗುವುದಿಲ್ಲ. ನನ್ನದು ಫೈಬರ್‌ಗ್ಲಾಸ್ ಬಾಡಿ, ಹೊಸದಾಗಿ ಮಾಡಿದ ಚಾಸಿ. ಒಹಾಯೊದಲ್ಲಿ ಒಬ್ಬ ಹಿರಿಯರು ಶುರು ಮಾಡಿ, ಬೆನ್ನುನೋವು ಅಂತ ಕೈಬಿಟ್ಟಿದ್ದ ಗಾಡಿ. ಹೀಗೆ ಅರ್ಧಕ್ಕೆ ನಿಂತ ಗಾಡಿಗಳು ಈ ಕಡೆ ಬೇಕಾದಷ್ಟಿವೆ. ಗಮನಿಸಿ ನೋಡಿ, ಹೆಚ್ಚಿನವು ನಿಂತಿರುವುದು ಎಂಜಿನ್ ಇಡುವ ಹಂತದಲ್ಲೇ. ಬಾಡಿ ಬಂದಿರುತ್ತದೆ, ಚಕ್ರ ಬಂದಿರುತ್ತದೆ, ಬಣ್ಣದ ಬಗ್ಗೆ ಗಂಡ ಹೆಂಡತಿ ಜಗಳವೂ ಆಗಿರುತ್ತದೆ. ಎಂಜಿನ್ ಮಾತ್ರ "ಆಮೇಲೆ ನೋಡೋಣ".

1932ರಲ್ಲಿ ಹೆನ್ರಿ ಫೋರ್ಡ್ ಕಡಿಮೆ ಬೆಲೆಯ ಕಾರಿಗೆ ವಿ8, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್ ಕೊಟ್ಟರು. ಅದೇ ಫ್ಲಾಟ್‌ಹೆಡ್. 221 ಕ್ಯೂಬಿಕ್ ಇಂಚು, 65 ಹಾರ್ಸ್‌ಪವರ್. ಅದನ್ನು ಎರಕ ಹೊಯ್ದ ಡಿಯರ್‌ಬಾರ್ನ್‌ನ ರೂಜ್ ಕಾರ್ಖಾನೆ ನಮ್ಮ ಮನೆಯಿಂದ ದೂರವೇನಿಲ್ಲ. ಹಾಗಾಗಿ ನನಗೂ ಮೊದಲು ಮನಸ್ಸು ಹೋಗಿದ್ದು ಫ್ಲಾಟ್‌ಹೆಡ್ ಮೇಲೇ. ನೋಡೋಕೆ ಅಷ್ಟು ಚೆಂದದ ಎಂಜಿನ್ ಇನ್ನೊಂದಿಲ್ಲ. ಆದರೆ ಅದರ ರಚನೆಯೇ ಬಿಸಿಯ ಮೂಲ. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನಲ್ಲೇ ಕೂರುತ್ತವೆ. ಉರಿದ ಗಾಳಿ ಹೊರಗೆ ಹೋಗಬೇಕಾದರೆ ಬ್ಲಾಕಿನ ಒಳಗಿಂದಲೇ, ನೀರಿನ ಜಾಗವನ್ನು ಹಾದು ಹೋಗಬೇಕು. ಆ ಬಿಸಿಯೆಲ್ಲ ರೇಡಿಯೇಟರಿನ ತಲೆಗೆ. ಜೊತೆಗೆ ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವೆ ಬಿರುಕು ಬಿಡುವುದು ಈ ಎಂಜಿನ್ನಿನ ಹಳೇ ಕಾಯಿಲೆ. ಅಮೆರಿಕದಲ್ಲಿ ಫೋರ್ಡ್ ಕಾರುಗಳಿಗೆ ಇದು ಬಂದಿದ್ದು 1953ರವರೆಗೆ ಮಾತ್ರ. ಅಂದರೆ ಈಗ ಸಿಗುವ ಅತೀ ಹೊಸ ಬ್ಲಾಕ್ ಕೂಡ ನನ್ನ ಅಪ್ಪನಷ್ಟು ಹಳೆಯದು. ಒಂದು ಬ್ಲಾಕ್ ನೋಡಲು ಹೋಗಿದ್ದೆ. ಮಾರುವವರು "ಬಿರುಕಿಲ್ಲ" ಅಂತ ಆಣೆ ಮಾಡಿದರು. ಮೆಷಿನ್ ಶಾಪಿನಲ್ಲಿ ಕಾಂತದ ಪರೀಕ್ಷೆ ಮಾಡಿಸಿ ಆಮೇಲೆ ದುಡ್ಡು ಕೊಡುತ್ತೇನೆ ಅಂದೆ. ಆಮೇಲೆ ಅವರ ಫೋನ್ ಬರಲಿಲ್ಲ.

ಎರಡನೆಯ ಆಯ್ಕೆ ಗುಜರಿಯ ಎಲ್‌ಎಸ್, ಅಂದರೆ ಶೆವಿಯದೇ ಹೊಸ ತಲೆಮಾರಿನ ವಿ8. 1999ರಿಂದ ಶೆವಿ ಪಿಕಪ್ ಟ್ರಕ್ಕುಗಳಿಗೆ ಬಂದ 5.3 ಲೀಟರ್ ವಿ8 ಈ ಕಡೆಯ ಗುಜರಿಗಳಲ್ಲಿ ಧಾರಾಳ. ಇಲ್ಲಿನ ಗುಜರಿ ನಮ್ಮ ಬೆಂಗಳೂರಿನ ಜೆ.ಸಿ. ರೋಡಿನ ಹಾಗಲ್ಲ. ಟಿಕೆಟ್ ತಗೊಂಡು ಒಳಗೆ ಹೋಗಿ, ನಿಮ್ಮ ಸ್ಪ್ಯಾನರಿನಲ್ಲಿ ನೀವೇ ಬಿಚ್ಚಿಕೊಳ್ಳಬೇಕು. ಎಂಜಿನ್ ಅಗ್ಗ, 270 ಹಾರ್ಸ್‌ಪವರಿನಿಂದ ಮೇಲೆ, ಬಾಳಿಕೆಗೆ ಹೆಸರುವಾಸಿ. ಹೊಸ ಹುಡುಗರೆಲ್ಲ ಇದನ್ನೇ ಹಾಕುತ್ತಾರೆ. ಸರಿ, ಆದರೆ ಲೆಕ್ಕ ಹಾಕಿ. ಅದಕ್ಕೆ ಕಂಪ್ಯೂಟರ್ ಬೇಕು, ವೈರಿಂಗ್ ಬೇಕು, 58 ಪಿ.ಎಸ್.ಐ. ಒತ್ತಡದ ಪೆಟ್ರೋಲ್ ಪಂಪ್ ಬೇಕು, ಟ್ಯಾಂಕಿಗೆ ವಾಪಸ್ಸಿನ ವ್ಯವಸ್ಥೆ ಬೇಕು. ಟ್ರಕ್ಕಿನ ಇನ್‌ಟೇಕ್ ಎತ್ತರ ಜಾಸ್ತಿ, 32ರ ಬಾನೆಟ್ ಮುಚ್ಚುವುದಿಲ್ಲ. ಟ್ರಕ್ಕಿನ ಆಯಿಲ್ ಪ್ಯಾನ್ ಆಳ ಜಾಸ್ತಿ, ರಸ್ತೆಗೆ ಹತ್ತಿರ ನೇತಾಡುತ್ತದೆ. ಎರಡನ್ನೂ ಬದಲಾಯಿಸುವಷ್ಟರಲ್ಲಿ ಅಗ್ಗ ಅನ್ನೋ ಮಾತು ಎಲ್ಲಿ ಹೋಯಿತೋ. ಇನ್ನೊಂದು, ಇದು ನನ್ನ ಸ್ವಂತ ರುಚಿ: ಬಾನೆಟ್ ಪಕ್ಕ ತೆರೆದಿರುವ ಗಾಡಿಯಲ್ಲಿ ಪ್ಲಾಸ್ಟಿಕ್ ಮುಚ್ಚಳದ ಎಂಜಿನ್ ನೋಡಲು ನನಗಾಗುವುದಿಲ್ಲ.

ಮೂರನೆಯದು ಫೋರ್ಡ್ 302. ನಿಜ ಹೇಳಬೇಕೆಂದರೆ 32ರ ಚಾಸಿಗೆ ಅಳತೆಯಲ್ಲಿ ಹೊಂದುವುದು ಇದೇ. ಶೆವಿಗಿಂತ ಕಿರಿದು, ಭಾರವೂ ಕಡಿಮೆ, ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಸಾಮಾನು) ಮುಂದಿದೆ. ಹಿಂದಿನ ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಕೊಯ್ಯುವ ಗೋಳೇ ಇಲ್ಲ. ಆಯಿಲ್ ಪ್ಯಾನಿನ ಗುಂಡಿ ಮುಂದಿರುವ ಮಾದರಿಯಾದರೆ ಚಾಸಿಯ ಅಡ್ಡಪಟ್ಟಿಗೆ (ಕ್ರಾಸ್‌ಮೆಂಬರಿಗೆ) ತಾಗುತ್ತದೆ, ಅದನ್ನು ಬದಲಾಯಿಸಿದರೆ ಮುಗೀತು. ಫೋರ್ಡ್ ಗಾಡಿಗೆ ಫೋರ್ಡ್ ಎಂಜಿನ್ ಅನ್ನೋ ಸಮಾಧಾನ ಬೇರೆ. ಪಕ್ಕದ ಮನೆಯ ಹಿರಿಯರು ಎಂಜಿನ್ ಕಾರ್ಖಾನೆಯಲ್ಲೇ ದುಡಿದು ರಿಟೈರ್ ಆದವರು. ಅವರಂತೂ ಶೆವಿ ಅಂದಾಗಲೆಲ್ಲ ಮುಖ ಆಚೆ ತಿರುಗಿಸುತ್ತಿದ್ದರು.

ಆದರೂ ಶೆವಿ ತಗೊಂಡೆ. ಯಾಕೆ? ಒಹಾಯೊದ ಹಿರಿಯರು ಚಾಸಿಯ ಎರಡೂ ಪಕ್ಕ ಶೆವಿ ಮೌಂಟ್‌ಗಳನ್ನು (ಎಂಜಿನ್ ಕೂರುವ ಹಿಡಿಕೆಗಳನ್ನು) ಆಗಲೇ ಬೆಸುಗೆ ಹಾಕಿಬಿಟ್ಟಿದ್ದರು. ನೀಟಾದ ಬೆಸುಗೆ. ಅದನ್ನು ಕೊಯ್ದು ತೆಗೆದು, ಬೇರೆ ಮೌಂಟ್ ಅಳೆದು ಕೂರಿಸಿ, ಸ್ಟೀರಿಂಗ್ ಮತ್ತೆ ಹೊಂದಿಸುವುದು ಯಾಕೆ? ಎಂಜಿನ್ ಆರಿಸಿದ್ದು ನಾನಲ್ಲ, ಚಾಸಿ. ಇದು ನಾಚಿಕೆಯ ಮಾತೇನಲ್ಲ, ಮನೆಯಲ್ಲಿ ಕಟ್ಟುವವರ ಗಾಡಿ ಮುಗಿಯುವುದೇ ಹೀಗೆ. ಹಾರ್ಸ್‌ಪವರ್ ಪಟ್ಟಿ ಹಿಡಿದು ಕೂತರೆ ಪಟ್ಟಿಯೇ ಉದ್ದ ಆಗುತ್ತದೆ.

ಈ 350 ಸೇರಿದ ಎಂಜಿನ್ ವಂಶಕ್ಕೆ ಸ್ಮಾಲ್ ಬ್ಲಾಕ್ ಶೆವಿ ಅಂತ ಹೆಸರು. ಅದರ ದೊಡ್ಡ ಅನುಕೂಲ ಏನೆಂದರೆ, 1955ರಲ್ಲಿ 265 ಕ್ಯೂಬಿಕ್ ಇಂಚಿನಿಂದ ಶುರುವಾಗಿ 283, 327, 350 ಅಂತ ಬೆಳೆದರೂ ಹೊರಗಿನ ಅಳತೆ ಹೆಚ್ಚು ಕಡಿಮೆ ಅದೇ. ಹಾಗಾಗಿ ಹೊಸ ಎಂಜಿನ್ ಆರ್ಡರ್ ಮಾಡುವ ಮುಂಚೆ ಯಾರದೋ ಕೆಟ್ಟುಹೋದ ಖಾಲಿ ಬ್ಲಾಕ್ ತಂದು ಚಾಸಿಯಲ್ಲಿ ಕೂರಿಸಿ ಅಳೆಯಬಹುದು. ಹಗುರವಾದ ಡಮ್ಮಿ ಬ್ಲಾಕುಗಳನ್ನೂ ಮಾರುತ್ತಾರೆ. ನಾನು ತಂದಿದ್ದು ಒಡೆದ ಬ್ಲಾಕು. ಅದರ ಮೇಲೆ ಹಳೇ ಹೆಡ್ಡು, ಹಿಂದೆ ಖಾಲಿ ಗೇರ್‌ಬಾಕ್ಸ್ ಕೇಸು, ಮುಂದೆ ರೇಡಿಯೇಟರು. ಬಾಡಿಯನ್ನೂ ಇಳಿಸಿ ಕೂರಿಸಿ ಟೇಪ್ ಹಿಡಿದೆ.

ಈ ಅಳತೆಯಲ್ಲಿ ಮೂರು ಜಾಗ ಮುಖ್ಯ. ಮೊದಲನೆಯದು ಹಿಂದೆ. ಶೆವಿಯ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂಭಾಗದಲ್ಲಿದೆ. 1970ರ ದಶಕದ ಮಧ್ಯದಿಂದ ಬಂದ ಎಚ್‌ಇಐ ಅನ್ನೋ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರಿನ ಟೋಪಿ ಅಗಲ. ಬಹಳ ಒಳ್ಳೆಯ ಸಾಮಾನು, ಆದರೆ 32ರ ಸಪಾಟು ಫೈರ್‌ವಾಲಿಗೆ ಹೋಗಿ ಒರಗಿಕೊಳ್ಳುತ್ತದೆ. ಚಿಕ್ಕ ಟೋಪಿಯ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ತಗೊಳ್ಳಿ, ಇಲ್ಲವೇ ಫೈರ್‌ವಾಲನ್ನು ಒಳಕ್ಕೆ ಗುಳಿ ಮಾಡಿ. ಗುಳಿ ಮಾಡಿದರೆ ಕಾಲಿಡುವ ಜಾಗ ಹೋಯಿತು.

ಎರಡನೆಯದು ಮುಂದೆ, ವಾಟರ್ ಪಂಪು. ಶೆವಿಗೆ ಉದ್ದದ ಪಂಪು, ಗಿಡ್ಡ ಪಂಪು ಅಂತ ಎರಡಿದೆ. 1968ರವರೆಗಿನ ಕಾರುಗಳದ್ದು ಗಿಡ್ಡ: ಬ್ಲಾಕಿನಿಂದ ಫ್ಯಾನು ಕೂರುವ ಹಬ್‌ವರೆಗೆ ಐದೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ. ಆಮೇಲಿನದು ಏಳು ಇಂಚಿಗೆ ಹತ್ತಿರ. ನಡುವಿನ ಈ ಒಂದೂಕಾಲು ಇಂಚು ಚಿಲ್ಲರೆಯಲ್ಲೇ ನಿಮ್ಮ ಫ್ಯಾನು ಬದುಕಬೇಕು. ಗಿಡ್ಡ ಪಂಪು ತಗೊಂಡರೆ ಪುಲ್ಲಿಗಳೂ ಆಲ್ಟರ್ನೇಟರ್ ಬ್ರಾಕೆಟ್ಟೂ ಗಿಡ್ಡ ಪಂಪಿನವೇ ಆಗಬೇಕು. ಎರಡೂ ಜಾತಿ ಬೆರೆತರೆ ಬೆಲ್ಟು ಓರೆ ಓಡಿ ಕಿರುಚುತ್ತದೆ. ಮೂರನೆಯದು ಎಡ ಪಕ್ಕದ ಸ್ಟೀರಿಂಗ್ ಬಾಕ್ಸ್. ಅದಕ್ಕೂ ಎಗ್ಸಾಸ್ಟ್ ಪೈಪಿಗೂ ನಡುವೆ ಬೆರಳು ಹೋಗುವಷ್ಟಾದರೂ ಜಾಗ ಇರಲಿ. ಚಾಸಿಯ ಮೇಲೆ ಎಂಜಿನ್ ಅಲುಗಾಡುತ್ತದೆ ಅನ್ನೋದು ನೆನಪಿರಲಿ.

ಗೇರ್‌ಬಾಕ್ಸ್ ಕೂಡ ಇದೇ ಸಮಯಕ್ಕೆ ತೀರ್ಮಾನ ಆಗಬೇಕು. ನನ್ನ ಮುಂದೆ ಇದ್ದದ್ದು ಮೂರು ಗೇರಿನ ಟರ್ಬೊ 350, ಓವರ್‌ಡ್ರೈವ್ ಇರುವ ನಾಲ್ಕು ಗೇರಿನ 700ಆರ್4. ಎರಡೂ ಆಟೊಮ್ಯಾಟಿಕ್. ಲೆಕ್ಕ ಸುಲಭ: ಮೈಲಿ ವೇಗವನ್ನು ಹಿಂದಿನ ಆಕ್ಸಲಿನ ರೇಷಿಯೊದಿಂದ ಗುಣಿಸಿ, ಮತ್ತೆ 336ರಿಂದ ಗುಣಿಸಿ, ಟೈರಿನ ಎತ್ತರದ ಇಂಚಿನಿಂದ ಭಾಗಿಸಿ. ನನ್ನದು ಫೋರ್ಡ್ 9 ಇಂಚಿನ ಆಕ್ಸಲ್, 3.50 ರೇಷಿಯೊ, 28 ಇಂಚಿನ ಟೈರು. 65 ಮೈಲಿ ವೇಗದಲ್ಲಿ ಮೂರು ಗೇರಿನ ಡಬ್ಬಕ್ಕೆ ಎಂಜಿನ್ 2,730 ಸುತ್ತು ತಿರುಗಬೇಕು. ಓವರ್‌ಡ್ರೈವಿನ 0.70 ಸೇರಿದರೆ 1,911ಕ್ಕೆ ಇಳಿಯುತ್ತದೆ. ತೆರೆದ ಗಾಡಿಯಲ್ಲಿ, ಕಿವಿಯ ಪಕ್ಕದಲ್ಲೇ ಎಗ್ಸಾಸ್ಟ್ ಇರುವಾಗ, ಈ ವ್ಯತ್ಯಾಸ ತಲೆನೋವು ಬರುವುದಕ್ಕೂ ಬಾರದಿರುವುದಕ್ಕೂ ಇರುವ ವ್ಯತ್ಯಾಸ. 700ಆರ್4 ತಗೊಂಡೆ. ಅದು ಮೂರು ಇಂಚು ಉದ್ದ. ಚಾಸಿಯ ನಡುವಿನ ಕ್ರಾಸ್‌ಮೆಂಬರ್ ಹಿಂದಕ್ಕೆ ಹೋಯಿತು. ಹಾಗೇ ಅದರ ಟಿ.ವಿ. (ಥ್ರಾಟಲ್ ವಾಲ್ವ್) ಕೇಬಲ್ ಅನ್ನು ಸರಿಯಾಗಿ ಹೊಂದಿಸದೆ ಗಾಡಿಯನ್ನು ಬೀದಿಗೆ ಇಳಿಸಬೇಡಿ. ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ತಂತಿ ಅದು, ಒಳಗಿನ ಒತ್ತಡವನ್ನು ಹೇಳುವುದೇ ಅದು. ತಪ್ಪಿದರೆ ಕ್ಲಚ್ ಪ್ಲೇಟುಗಳು ಸುಟ್ಟು ಹೋಗುತ್ತವೆ. ನಿಮ್ಮ ಕಾರ್ಬ್ಯುರೇಟರಿಗೆ ಹೊಂದುವ ಬ್ರಾಕೆಟ್ ಬೇರೆ ಸಿಗುತ್ತದೆ, ಅದನ್ನೇ ಹಾಕಿ.

ಈಗ ಎಂಜಿನ್ನಿಗೆ ಬರೋಣ. ಕ್ರೇಟ್ ಎಂಜಿನ್ ಅಂದರೆ ಪೆಟ್ಟಿಗೆಯಲ್ಲಿ ಬರುವ ಹೊಚ್ಚ ಹೊಸ ಎಂಜಿನ್, ರಿಪೇರಿ ಮಾಡಿದ್ದಲ್ಲ. 350/290 ಅಂದರೆ 350 ಕ್ಯೂಬಿಕ್ ಇಂಚು, ಅಂದರೆ 5.7 ಲೀಟರ್, 5,100 ಸುತ್ತಿಗೆ 290 ಹಾರ್ಸ್‌ಪವರ್, 3,750 ಸುತ್ತಿಗೆ 326 ಪೌಂಡ್-ಅಡಿ ಟಾರ್ಕ್. ಬ್ಲಾಕೂ ಎರಕದ ಕಬ್ಬಿಣ, ಹೆಡ್ಡೂ ಎರಕದ ಕಬ್ಬಿಣ. ಕ್ರಾಂಕನ್ನು ಹಿಡಿದಿಡುವುದು ನಾಲ್ಕು ಬೋಲ್ಟಿನ ಮೇನ್ ಕ್ಯಾಪ್. ಕಂಪ್ರೆಷನ್ 8ಕ್ಕೆ 1. ಡೀಲಕ್ಸ್ ಅನ್ನೋ ಮಾದರಿಯಲ್ಲಿ ಕಾರ್ಬ್ಯುರೇಟರ್ ಸಮೇತ ಬರುತ್ತದೆ. ನಾನು ತಗೊಂಡಿದ್ದು ಬರೀ ಎಂಜಿನ್, ಸಾಗಣೆ ಸೇರಿ ಐದು ಸಾವಿರ ಡಾಲರಿನ ಒಳಗೆ ಬಂತು. ಇನ್‌ಟೇಕ್, ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ವಾಟರ್ ಪಂಪ್, ಸ್ಟಾರ್ಟರ್, ಆಲ್ಟರ್ನೇಟರ್ ಎಲ್ಲ ಬೇರೆ. 32ರವರಿಗೆ ಹೀಗೆ ಬರಿದೇ ತರಿಸುವುದೇ ಲೇಸು. ಹೇಗಿದ್ದರೂ ಗಿಡ್ಡ ಪಂಪು, ಚಿಕ್ಕ ಡಿಸ್ಟ್ರಿಬ್ಯೂಟರ್ ಬೇಕಲ್ವಾ? ಡಬ್ಬದಲ್ಲಿ ಬಂದದ್ದನ್ನು ಬಿಚ್ಚಿ ಇಡುವುದಕ್ಕೆ ಯಾಕೆ ದುಡ್ಡು ಕೊಡಬೇಕು?

ಸಾಗಣೆಯವರ ಕಥೆ ಮಾತ್ರ ಬೇಸರದ್ದು. ಲಾರಿಗೆ ಲಿಫ್ಟ್ ಇರುತ್ತದೆ ಅಂತ ಬರೆಸಿಕೊಂಡು ದುಡ್ಡು ತಗೊಂಡಿದ್ದರು. ಬಂದ ಲಾರಿಗೆ ಲಿಫ್ಟ್ ಇರಲಿಲ್ಲ. ಡ್ರೈವರ್ ಪಾಪ ಕೈ ಮೇಲೆ ಮಾಡಿದ. ಶೆವಿ ಅಂದರೆ ಮುಖ ತಿರುಗಿಸುತ್ತಿದ್ದ ಪಕ್ಕದ ಮನೆಯವರೇ ತಮ್ಮ ಎಂಜಿನ್ ಎತ್ತುವ ಕ್ರೇನ್ ಉರುಳಿಸಿಕೊಂಡು ಬಂದರು. ಕಾಲು ಟನ್ನಿನ ಸಾಮಾನು ಸರಪಳಿಯಲ್ಲಿ ತೂಗಾಡುವಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಇದರ ದುಡ್ಡಲ್ಲಿ ಅಡುಗೆಮನೆ ಮಾಡಿಸಬಹುದಿತ್ತಲ್ವಾ?" ಅಂದಳು. ಉತ್ತರ ಕೊಡುವ ಹೊತ್ತು ಅದಲ್ಲ.

ಈ ಎಂಜಿನ್ನಿನ ಅತೀ ಸೂಕ್ಷ್ಮ ಭಾಗ ಅದರ ಕ್ಯಾಮ್, ಅಂದರೆ ವಾಲ್ವ್‌ಗಳನ್ನು ತೆರೆಸುವ ಉಬ್ಬುಗಳ ದಂಡ. ಹಳೇ ಕಾಲದ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಇದು. ಈಗಿನ ಎಂಜಿನ್ನುಗಳಲ್ಲಿ ಕ್ಯಾಮಿನ ಮೇಲೆ ಉರುಳೆ ಉರುಳುತ್ತದೆ, ಇದರಲ್ಲಿ ಲಿಫ್ಟರ್ (ಕ್ಯಾಮಿನ ಮೇಲೆ ಕೂತು ಅದರ ಚಲನೆಯನ್ನು ವಾಲ್ವಿನ ಕಡೆ ಒಯ್ಯುವ ತುಂಡು) ಉಜ್ಜುತ್ತದೆ. ಹೊಸದರಲ್ಲಿ ಎರಡೂ ಒಂದಕ್ಕೊಂದು ಪಳಗುವ ತನಕ ಎಣ್ಣೆ ಬೇಕೇ ಬೇಕು. ಅದಕ್ಕೆ ಸ್ಟಾರ್ಟ್ ಮಾಡುವ ಮುಂಚೆ ಡಿಸ್ಟ್ರಿಬ್ಯೂಟರ್ ಇಡುವ ತೂತಿನಲ್ಲಿ ಉದ್ದದ ಸರಳು ಇಳಿಸಿ, ಡ್ರಿಲ್ಲಿಗೆ ಸಿಕ್ಕಿಸಿ, ಪ್ರದಕ್ಷಿಣೆಯ ದಿಕ್ಕಿನಲ್ಲಿ ಆಯಿಲ್ ಪಂಪನ್ನು ತಿರುಗಿಸಬೇಕು. ಇಲ್ಲಿ ಒಂದು ಸಂಗತಿ ಬಹಳ ಜನ ಹೇಳುವುದಿಲ್ಲ. ಶೆವಿಯಲ್ಲಿ ಡಿಸ್ಟ್ರಿಬ್ಯೂಟರಿನ ಮೈಯೇ ಎಣ್ಣೆ ದಾರಿಯ ಒಂದು ಗೋಡೆ. ಬರೀ ಸರಳು ಇಳಿಸಿದರೆ ಆ ಗೋಡೆ ಇಲ್ಲ. ಎಣ್ಣೆ ತೂತಿನಲ್ಲೇ ಸೋರಿ, ಒಂದು ಸಾಲಿನ ಲಿಫ್ಟರುಗಳಿಗೆ ಸರಿಯಾಗಿ ಹೋಗುವುದಿಲ್ಲ. ಕುತ್ತಿಗೆಗೆ ಬಳೆ ಇರುವ ಸರಳೇ ಬೇಕು, ಇಲ್ಲವೇ ಹಳೇ ಡಿಸ್ಟ್ರಿಬ್ಯೂಟರಿನ ಹಲ್ಲು ತೆಗೆದು ಅದನ್ನೇ ಬಳಸಬೇಕು. ವಾಲ್ವ್ ಕವರ್ ಬಿಚ್ಚಿಟ್ಟು ನಾನು ಡ್ರಿಲ್ ಹಿಡಿದೆ, ಮಗ ಟಾರ್ಚ್ ಹಿಡಿದ. ಮೊದಲು ಡ್ರಿಲ್ ಸುಮ್ನೆ ಓಡುತ್ತದೆ. ಒಮ್ಮೆಲೇ ಕೈಗೆ ಬಿಗಿ ಹತ್ತುತ್ತದೆ, ಮೀಟರಿನ ಮುಳ್ಳು ಏಳುತ್ತದೆ. ಆಮೇಲೆ ವಾಲ್ವ್ ಒತ್ತುವ ರಾಕರುಗಳ ತೂತಿನಲ್ಲಿ ಎಣ್ಣೆ ಒಂದೊಂದೇ ತೊಟ್ಟು ಉಕ್ಕಿ ಬರುತ್ತದೆ. ಹದಿನಾರೂ ರಾಕರಿನಲ್ಲಿ ಎಣ್ಣೆ ಕಾಣುವವರೆಗೆ, ನಡುನಡುವೆ ಕ್ರಾಂಕನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಡ್ರಿಲ್ ಬಿಡಬೇಡಿ.

ಸ್ಟಾರ್ಟ್ ಆದ ಮೇಲೂ ಐಡಲ್ ಬಿಡುವ ಹಾಗಿಲ್ಲ. ಎರಡು ಸಾವಿರ ಸುತ್ತಿನ ಆಸುಪಾಸು, ಏರಿಸುತ್ತಾ ಇಳಿಸುತ್ತಾ, ಅರ್ಧ ಗಂಟೆ ಓಡಿಸಬೇಕು. ಸತು ಮತ್ತು ರಂಜಕ ಜಾಸ್ತಿ ಇರುವ ಬ್ರೇಕ್-ಇನ್ ಎಣ್ಣೆಯನ್ನೇ ಹಾಕಬೇಕು. ಈಗಿನ ಸಾಮಾನ್ಯ ಕಾರಿನ ಎಣ್ಣೆಯಲ್ಲಿ ಅವು ಕಡಿಮೆ. ಪಳಗಿದ ಮೇಲೂ ಇಂಥದೇ ಎಣ್ಣೆ ಒಳ್ಳೆಯದು. ಅದು ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ ಸಾಮಾನಲ್ಲ, ಹುಡುಕಿ ತರಿಸಬೇಕು.

ಓಡಿಸುವುದು ಹೇಗಿದೆ? 290 ಹಾರ್ಸ್‌ಪವರ್ ಅಂದರೆ ಈಗಿನ ಕಾಲಕ್ಕೆ ಏನೂ ಅಲ್ಲ, ಇಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ಮಿನಿವ್ಯಾನಿಗೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಆದರೆ ಆ ಮಿನಿವ್ಯಾನಿನ ಭಾರ ಎರಡು ಟನ್ನು. ನನ್ನ ಗಾಡಿ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಎರಡನೇ ಗೇರಿನಲ್ಲಿ ಕಾಲು ಒತ್ತಿದರೆ ಹಿಂದಿನ ಟೈರು ಮಾತು ಕೇಳುವುದಿಲ್ಲ. ಟಾರ್ಕ್ ಕೆಳಗಿನಿಂದಲೇ ಬರುತ್ತದೆ, ಎಳೆಯುವುದರಲ್ಲಿ ಅವಸರ ಇಲ್ಲ. ಐಡಲಿನಲ್ಲಿ ಸಣ್ಣ ಗುಡುಗುಡು ಇದೆ, ಕೇಳಲು ಹಿತ. ಕಂಪ್ರೆಷನ್ ಕಡಿಮೆ ಆದ್ದರಿಂದ ರೆಗ್ಯುಲರ್ 87 ಆಕ್ಟೇನ್ ಪೆಟ್ರೋಲಿನಲ್ಲೇ ಸುಖವಾಗಿದೆ. 600 ಸಿ.ಎಫ್.ಎಂ.ನ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವ) ನಾಲ್ಕು ಬಾಯಿಯ ಕಾರ್ಬ್ಯುರೇಟರ್ ಹಾಕಿದ್ದೇನೆ, ಇದಕ್ಕಿಂತ ದೊಡ್ಡದು ಬೇಡ.

ಬಿಸಿಯ ಪರೀಕ್ಷೆ ಆಗಿದ್ದು ಡೆಟ್ರಾಯಿಟ್‌ನಿಂದ ಹೊರಡುವ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ. 1995ರಿಂದ, ಕೋವಿಡ್‌ನ 2020 ಒಂದನ್ನು ಬಿಟ್ಟು, ಪ್ರತಿ ವರ್ಷ ಆಗಸ್ಟಿನ ಮೂರನೇ ಶನಿವಾರ ಅಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತದೆ. ಫರ್ನ್‌ಡೇಲಿನಿಂದ ಪಾಂಟಿಯಾಕ್‌ವರೆಗೆ ಹಳೇ ಗಾಡಿಗಳ ಜಾತ್ರೆ. ಕ್ರೂಸ್ ಅಂತ ಹೆಸರು, ಆದರೆ ನಡೆದು ಹೋಗುವವರೇ ಮುಂದೆ ಹೋಗುತ್ತಾರೆ. 32ರ ರೇಡಿಯೇಟರ್ ಎತ್ತರ, ಆದರೆ ಕಿರಿದು. ಫ್ಯಾನಿಗೆ ಸುತ್ತ ಶ್ರೌಡ್ (ಗಾಳಿ ಆಚೀಚೆ ಹೋಗದ ಹಾಗೆ ತಡೆಯುವ ಕವಚ) ಕಟ್ಟಿದ್ದರಿಂದ ಮುಳ್ಳು 195 ಡಿಗ್ರಿ ಫ್ಯಾರನ್‌ಹೀಟ್ ದಾಟಲಿಲ್ಲ. ನಮ್ಮ ಮುಂದಿದ್ದ ಫ್ಲಾಟ್‌ಹೆಡ್ ಗಾಡಿಯವರು ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ತೆಗೆದು, ಆರಾಮಾಗಿ ಕುರ್ಚಿ ಹಾಕಿ ಕೂತಿದ್ದರು. ಅವರಿಗೆ ಅದೂ ಹಬ್ಬದ ಭಾಗವೇ ಅನ್ನಿ.

ಇಷ್ಟವಾಗದ್ದೂ ಇದೆ. ಫ್ಲಾಟ್ ಟ್ಯಾಪೆಟ್ ಕ್ಯಾಮ್ ಈ ಕಾಲಕ್ಕೆ ಬೇಡದ ರಗಳೆ. ಹೆಡ್ಡುಗಳು ಮಂದ, ಮುಂದೆ ಹೆಚ್ಚು ಶಕ್ತಿ ಬೇಕು ಅಂದರೆ ಮೊದಲು ಅವನ್ನೇ ಬದಲಾಯಿಸಬೇಕು, ಅಷ್ಟೊತ್ತಿಗೆ ಇನ್ನೂ ದುಬಾರಿ ಎಂಜಿನ್ನಿನ ಬೆಲೆಯೇ ಆಗಿರುತ್ತದೆ. ಕಬ್ಬಿಣದ ಭಾರವೆಲ್ಲ ಮುಂದಿನ ಆಕ್ಸಲಿನ ಮೇಲೆ. ಬರೀ ಎಂಜಿನ್ನಿನ ಬೆಲೆ ನೋಡಿ ಬಜೆಟ್ ಹಾಕಬೇಡಿ. ಉಳಿದ ಚಿಲ್ಲರೆ ಸಾಮಾನು, ಗೇರ್‌ಬಾಕ್ಸು, ಅದಕ್ಕೂ ಎಂಜಿನ್ನಿಗೂ ನಡುವೆ ಕೂರುವ ಟಾರ್ಕ್ ಕನ್ವರ್ಟರು ಸೇರಿದರೆ ಅಷ್ಟೇ ದುಡ್ಡು ಮತ್ತೆ ಬೇಕು.

ಕಾಗದದ ಕೆಲಸ ಮಿಶಿಗನ್‌ನಲ್ಲಿ ಸಲೀಸು. ಇಂಥ ಗಾಡಿ ಅಸೆಂಬಲ್ಡ್ ಅಂತ ನೋಂದಣಿಯಾಗುತ್ತದೆ, ಪೊಲೀಸ್ ಅಧಿಕಾರಿ ಬಂದು ನೋಡುತ್ತಾರೆ. ಎಂಜಿನ್, ಬಾಡಿ, ಚಾಸಿಯ ರಸೀದಿಗಳನ್ನು ಮೊದಲ ದಿನದಿಂದ ಒಂದೇ ಫೈಲಿನಲ್ಲಿ ಇಡಿ. ಕ್ಯಾಲಿಫೋರ್ನಿಯಾದವರು ಎಂಜಿನ್ ಆರಿಸುವ ಮುಂಚೆಯೇ ಅಲ್ಲಿನ ಹೊಗೆ ನಿಯಮ ಓದಬೇಕು. ಊರಿನಿಂದ ತಮ್ಮ ಕೇಳುತ್ತಿರುತ್ತಾನೆ, "ಅಣ್ಣ, ಇಲ್ಲೂ ಒಂದು ಅಂಬಾಸಿಡರಿಗೆ ಹೀಗೆ ಮಾಡಬಹುದಾ?" ಬೀದಿಯಲ್ಲಿ ಓಡಿಸುವುದಕ್ಕೆ ಕಷ್ಟ ಕಣಪ್ಪ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಶೆವಿ ಮೌಂಟ್ ಇರುವ ಚಾಸಿ, ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವ ತಾಳ್ಮೆ, ವಾರದ ಕೊನೆಗೆ ಒಂದು ಸುತ್ತು, ಇಷ್ಟಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಚಾಸಿ ಇನ್ನೂ ಖಾಲಿ ಇದ್ದರೆ ಒಮ್ಮೆ 302 ಅಳೆದು ನೋಡಿ. ಕ್ಯಾಮ್ ಪಳಗಿಸುವ ತಲೆಬಿಸಿ ಬೇಡ ಅನ್ನುವವರು ಸ್ವಲ್ಪ ಜಾಸ್ತಿ ಕೊಟ್ಟು ರೋಲರ್ ಕ್ಯಾಮ್ ಇರುವ ಸ್ಮಾಲ್ ಬ್ಲಾಕ್ ತರಿಸಿ. ಆರ್ಡರ್ ಮಾಡುವಾಗ ಎಣ್ಣೆ ಪ್ರೈಮ್ ಮಾಡುವ ಬಳೆಯ ಸರಳನ್ನೂ ಬ್ರೇಕ್-ಇನ್ ಎಣ್ಣೆಯನ್ನೂ ಜೊತೆಗೇ ಹಾಕಿಸಿ, ಲಾರಿ ಆಫೀಸಿಗೆ ಫೋನ್ ಮಾಡಿ ಲಿಫ್ಟ್ ಇರುವ ಗಾಡಿಯನ್ನೇ ಕಳಿಸುತ್ತಾರಾ ಅಂತ ಹಿಂದಿನ ದಿನ ಮತ್ತೊಮ್ಮೆ ಕೇಳಿ.